ನಮ್ರತಾಳಿಗೆ ಕಲಿಸಿದ್ದು

ಕಾಶಿವಾ, ಜಪಾನ್
20 ಮೇ 2025

ಅಮ್ಮಾ,

ನಮಸ್ಕಾರ. ಕ್ಷೇಮ ಸಮಾಚಾರ ಕೊನೆಗೆ ಕೇಳುತ್ತೇನೆ. ‘ಮಗೂಗೆ ಇದೇನೇ ಕಲಿಸಿದ್ದೀಯಾ?’ ಎಂದು ನೀನು ಫೋನಿನಲ್ಲಿ ಕಿರುಚಿದೆಯಲ್ಲ, ಅದಕ್ಕೆ ಉತ್ತರ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು ಸುಮ್ಮನಾಗಿಬಿಡುತ್ತೇನೆ.

ಇಲ್ಲಿ ಒಂದನೇ ಕ್ಲಾಸಿನ ಮಕ್ಕಳೂ ತಾವೇ ನಡೆದು ಮನೆಗೆ ಬರುತ್ತಾರೆ. ಹಾಗಾಗಿ ಕರೆದವರ ಹಿಂದೆ ಹೋಗಬೇಡ, ಕೂಗು, ಓಡು, ದೊಡ್ಡವರಿಗೆ ಹೇಳು ಎಂದು ಶಾಲೆಯಲ್ಲೇ ಕಲಿಸುತ್ತಾರೆ. ಬ್ಯಾಗಿಗೆ ಪುಟ್ಟದೊಂದು ಬಜರ್ ಕಟ್ಟಿರುತ್ತದೆ. ದಾರ ಎಳೆದರೆ ಬೀದಿಗೆಲ್ಲ ಕೇಳುವಂತೆ ಅರಚುತ್ತದೆ. ಶಾಲೆಯವರು ಅಪರಿಚಿತರ ಬಗ್ಗೆ ಹೇಳಿದ್ದರು. ನೆಂಟರಾದರೂ ಅಷ್ಟೇ ಎಂದು ಸೇರಿಸಿದವಳು ನಾನು. ಸಂಜೆ ನಿನ್ನ ಅಳಿಯ ಮುಕುಂದ್ ನೆಂಟನಂತೆ ನಟಿಸುತ್ತಿದ್ದರು, ನಮ್ರತಾ ‘ಬರಲ್ಲ!’ ಎಂದು ಕಿರುಚಬೇಕಿತ್ತು. ಪಕ್ಕದ ಮನೆಯವರಿಗೆ ಮೊದಲೇ ‘ಸುಮಿಮಾಸೆನ್, ಗಲಾಟೆಗೆ ಕ್ಷಮಿಸಿ’ ಎಂದು ಹೇಳಿಬಂದಿದ್ದೆ.

ರಾಮಪ್ರಸಾದ ಮಾವ ಟೂರ್ ಗುಂಪಿನ ಜೊತೆ ಜಪಾನಿಗೆ ಬರುತ್ತಾನೆ ಎಂದಾಗ, ನನ್ನ ಮನೆಗೆ ಬೇಡ ಅಂದಿದ್ದೆ. ಕಾರಣ ನಿನಗೆ ಗೊತ್ತು. ಆದರೂ ನೀನು ನಿನ್ನ ತಮ್ಮನಿಗೆ ಶಾಲೆಯ ಹೆಸರು, ಶಾಲೆ ಬಿಡುವ ಹೊತ್ತು ಎರಡನ್ನೂ ಕೊಟ್ಟೆ. ಮೊಮ್ಮಗಳಿಗೆ ಸರ್ಪ್ರೈಸ್ ಆಗಲಿ ಅಂತ!

ಗುರುವಾರ ಅವನು ಮೈಸೂರು ಪಾಕಿನ ಡಬ್ಬಿ ಹಿಡಿದು ಗೇಟಿನ ಬಳಿ ನಿಂತಿದ್ದನಂತೆ. ‘ಅಮ್ಮನೇ ಕಳಿಸಿದ್ದು ಪುಟ್ಟಿ, ಬಾ ತಾತನ ಜೊತೆ’ ಎಂದು ಕೈ ಹಿಡಿದನಂತೆ. ನನ್ನ ಮಗಳು ದಾರ ಎಳೆದಳು. ಎದುರಿನ ಸಲೂನಿನ ಇಶಿದಾ ಸಾನ್ ಕೈಯಲ್ಲಿದ್ದ ಕತ್ತರಿಯ ಸಮೇತ ಓಡಿಬಂದರು. ಆಮೇಲೆ ಪೊಲೀಸರು ಬಂದು ಅವನನ್ನು ಠಾಣೆಗೆ ಕರೆದೊಯ್ದರು.

ನಾನು ಹೋದಾಗ ನಮ್ರತಾ ಸಲೂನಿನ ಕುರ್ಚಿಯಲ್ಲಿ ಕೂತಿದ್ದಳು. ‘ಅಮ್ಮಾ, ಐ ಪುಲ್ಡ್ ಇಟ್! ನೀನು ಹೇಳಿದ ಹಾಗೇ!’ ಅಂದಳು. ಅವಳನ್ನು ಮನೆಗೆ ಕರೆತಂದು, ಊಟ ಮಾಡಿಸಿ, ಮುಕುಂದ್ ಬಂದ ಮೇಲೆಯೇ ಠಾಣೆಗೆ ಹೊರಟೆ. ದಾರಿಯಲ್ಲಿ ಕೊಂಬಿನಿ ಅಂಗಡಿಗೆ ಹೊಕ್ಕು ಕಾಫಿ ಕೊಂಡು, ಕೊನೆಯ ಗುಟುಕಿನವರೆಗೂ ನಿಧಾನವಾಗಿ ಕುಡಿದೆ. ಅವನು ಕಾಯಲಿ ಅನ್ನಿಸಿತು. ಈ ದೇಶದಲ್ಲಿ ಅಷ್ಟು ರುಚಿಯಾದ ಕಾಫಿ ನಾನು ಕುಡಿದಿರಲಿಲ್ಲ.

‘ಯಾಮಿನಿ, ನಾನು ಮನೆಯವನು ಅಂತ ಇವರಿಗೆ ಹೇಳಮ್ಮ’ ಎಂದ ಮಾವ, ನಾನು ಠಾಣೆಯೊಳಗೆ ಕಾಲಿಟ್ಟ ಕೂಡಲೇ. ಹೇಳಿದೆ. ಹೌದು, ಇವನು ನನ್ನ ತಾಯಿಯ ತಮ್ಮ. ನಾನು ಚಿಕ್ಕವಳಿದ್ದಾಗ, ಬೇಸಿಗೆ ರಜೆಯಲ್ಲಿ, ಇವನು ನನಗೇನು ಮಾಡಿದ ಎಂಬುದನ್ನೂ ಹೇಳಿದೆ. ಇಷ್ಟು ವರ್ಷ ಕನ್ನಡದಲ್ಲಿ ಬಾಯಿಗೆ ಬಾರದ್ದು ಜಪಾನಿಯಲ್ಲಿ ಸಲೀಸಾಗಿ ಬಂತು. ಅವನಿಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ಪೊಲೀಸರ ಮುಖ ನೋಡಿ ಎಲ್ಲ ಅರ್ಥವಾಯಿತು. ಬೆವರಿದ.

ಅವನ ಟೂರ್ ಮ್ಯಾನೇಜರ್ ಬಂದರು, ನಮ್ಮ ಮೈಸೂರಿನವರೇ. ಅವರಿಗೆ ಅಷ್ಟನ್ನೂ ಕನ್ನಡದಲ್ಲಿ ಹೇಳಿದೆ. ಈಗ ಬಂತು. ಪೊಲೀಸರು ಎಚ್ಚರಿಕೆ ಕೊಟ್ಟು ಬಿಟ್ಟರು. ಕೋಬೆ ಊರಿನವರೆಗೂ ಟೂರ್ ಬಸ್ಸಿನಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ ಎಂದು ನೀನೇ ಅಳುತ್ತಾ ಹೇಳಿದೆ. ನನಗೆ ಹೊಟ್ಟೆ ತಣ್ಣಗಾಯಿತು.

ನೀನು ನನಗೆ ಏನು ಕಲಿಸಿದ್ದೆ, ನೆನಪಿದೆಯಾ? ಆ ರಜೆಯಲ್ಲಿ ನನ್ನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ, ‘ಯಾರ ಹತ್ರಾನೂ ಬಾಯಿ ಬಿಡ್ಬೇಡ. ಮುಖ ತೊಳ್ಕೊಂಡು ಹೋಗಿ ಮಾವಂಗೆ ಹೋಳಿಗೆ ಬಡಿಸು’ ಅಂದೆ. ಬಡಿಸಿದೆ ಅಮ್ಮ. ತುಪ್ಪವನ್ನೂ ಹಾಕಿದೆ.

ಅವನು ಊಟ ಬಿಟ್ಟಿದ್ದಾನೆ, ಕ್ಷಮೆ ಕೇಳು ಅನ್ನುತ್ತೀಯ. ಬಿಡಲಿ.

ನೀನು ಕ್ಷೇಮವೇ? ಬಿಪಿ ಮಾತ್ರೆ ತಪ್ಪಿಸಬೇಡ.

ನಿನ್ನ ಮಗಳು,
ಯಾಮಿನಿ

ತಾ.ಕ.: ಮಾವನ ಮಗಳು ಸ್ಫೂರ್ತಿಗೂ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಕೆಲಸಕ್ಕೆ ಹೋದಾಗ ಅವಳ ಪುಟ್ಟ ಮಗಳನ್ನು ನೋಡಿಕೊಳ್ಳುವವನು ಅವನೇ ಅಲ್ಲವೇ? ಅವಳು ಎಲ್ಲ ಕೇಳಿಸಿಕೊಂಡಳು. ಕೊನೆಗೆ, ‘ಅತ್ತೆಗೆ ಗೊತ್ತಿತ್ತಾ?’ ಎಂದಳು. ಗೊತ್ತಿತ್ತು ಅಂದೆ. ನಿನ್ನನ್ನು ನೋಡಲು ಬರುತ್ತಾಳಂತೆ. ಬಾಗಿಲು ತೆಗೆ.