ಅಮ್ಮನ ಗುಂಡಿ ಡಬ್ಬಿ

ಜೂನ್ ೧೪, ಶನಿವಾರ

ಪ್ರೀತಿಯ ತಮ್ಮನಿಗೆ,

ನಿನ್ನ ಅಕ್ಕ ಇನ್ನೂ ಇದ್ದಾಳೆ, ಬೈಯಬೇಡ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತದ್ದು ಸೊಕ್ಕಿನಿಂದಲ್ಲ, ಸುಸ್ತಿನಿಂದ. ಇಸ್ತ್ರಿ ಅಂಗಡಿಯಲ್ಲಿ ದಿನವಿಡೀ ನಿಂತು ಬಂದರೆ ಪೆನ್ನು ಹಿಡಿಯುವುದೂ ಬೇಡವೆನಿಸುತ್ತದೆ. ಆಸ್ಪತ್ರೆಯಲ್ಲಿ ನಿನ್ನ ತೂಕ ಎರಡು ಕೆಜಿ ಏರಿದೆಯಂತೆ, ಓದಿ ಖುಷಿಯಾಯಿತು.

ನಮ್ಮ ಮಾತ್ರೆಯ ಕಥೆ ಕೇಳಿದ್ದೆಯಲ್ಲ. ನೀನು ಆಸ್ಪತ್ರೆ ಸೇರಿದ ವಾರವೇ ನರ್ಸಮ್ಮ ಬಂದು, ಎಲ್ಲರಿಗೂ ಎದೆಯ ಎಕ್ಸ್‌ರೇ ಮಾಡಿಸಿ, ನನಗೆ, ನನ್ನ ಮಗಳಿಗೆ, ಅಮ್ಮನಿಗೆ ಆರು ತಿಂಗಳ ಮಾತ್ರೆ ಶುರು ಮಾಡಿದರು. ಅಮ್ಮ ಅವತ್ತೇ ರೇಗಿದಳು.

“ನನಗೇನು ರೋಗ ಅಂತ ಮಾತ್ರೆ?”

“ರೋಗ ಬಂದಿಲ್ಲಮ್ಮ, ಬರದೇ ಇರಲಿ ಅಂತ. ನಿಮ್ಮ ಮಗನಿಗೆ ಬಂದಿರೋ ಟಿಬಿ ಮಾಮೂಲಿ ಔಷಧಿಗೆ ಬಗ್ಗಲ್ಲ. ಒಂದೇ ಮನೇಲಿದ್ರಿ ನೋಡಿ.”

“ಅಂದ್ರೆ ನನ್ನ ಮಗ ನನಗೆ ರೋಗ ಅಂಟಿಸಿದಾನೆ ಅಂತೀರಾ?”

ನರ್ಸಮ್ಮ ಮಾತ್ರೆಯನ್ನೂ ನೀರನ್ನೂ ಮುಂದಿಟ್ಟರು. ನಾನು ಗದರಿದ ಮೇಲೆ ಅಮ್ಮ ಬಾಯಿಗೆ ಹಾಕಿಕೊಂಡಳು.

ನನ್ನ ಮಗಳೇ ವಾಸಿ. ಮೂಗು ಹಿಡಿದು ನುಂಗಿ, ಕ್ಯಾಲೆಂಡರಿನಲ್ಲಿ ತಾನೇ ಗೆರೆ ಎಳೆಯುತ್ತಾಳೆ. ಮಾಮ ಬರುವಷ್ಟರಲ್ಲಿ ಗೆರೆ ಮುಗಿಯುತ್ತಾ ಎಂದು ಕೇಳುತ್ತಾಳೆ. ನನಗೆ ಹಿಮ್ಮಡಿ ನೋವು. ಮಾತ್ರೆಯಿಂದಲೋ, ನಿಂತು ನಿಂತು ಬಂದದ್ದೋ ಗೊತ್ತಿಲ್ಲ. ನರ್ಸಮ್ಮ ಕಾಲು ನೋಡಿ, ಡಾಕ್ಟರಿಗೆ ತಿಳಿಸುತ್ತೇನೆಂದು ಬರೆದುಕೊಂಡು ಹೋದರು. ಸಾಕಾಗಿದೆ ಕಣೋ, ನಿಜ ಹೇಳುತ್ತೇನೆ.

ಅಮ್ಮನ ಕೈಯಲ್ಲೂ ಎರಡು ಸಾಲು ಬರೆಸೋಣವೆಂದಿದ್ದೆ, ಮಲಗಿದ್ದಾಳೆ. ಹೊತ್ತು ಹೊತ್ತಿಗೆ ಉಣ್ಣು. ಒಂದು ಮಾತ್ರೆಯನ್ನೂ ಬಿಡಬೇಡ. ನೂರು ಕಾಲ ಬಾಳು, ನನ್ನ ಜೊತೆ ಜಗಳಕ್ಕಾದರೂ.

ನಿನ್ನ ಅಕ್ಕ

ತಾ.ಕ.: ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಗಿರಾಕಿಯೊಬ್ಬರ ಶರ್ಟಿಗೆ ಗುಂಡಿ ಹುಡುಕಲು ಹೋದ ವಾರ ಅಮ್ಮನ ಗುಂಡಿ ಡಬ್ಬಿ ತೆಗೆದೆ. ಅಡಿಯಲ್ಲಿ ಮಾತ್ರೆಗಳು, ಎಲ್ಲವೂ ಒಮ್ಮೆ ಬಾಯಲ್ಲಿ ನೆಂದು ಒಣಗಿದಂಥವು. ದಿನಾ ಬೆಳಿಗ್ಗೆ ನನ್ನೆದುರೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅಂಗಡಿಯ ಅವಸರದಲ್ಲಿ ನುಂಗಿದಳಾ ಎಂದು ನಾನು ನೋಡಲೇ ಇಲ್ಲ. ಅವಳ ಮೇಲೆ ಸಿಟ್ಟು, ನನ್ನ ಮೇಲೆ ಅದಕ್ಕಿಂತ ಹೆಚ್ಚು. ಅವಳಿಗೆ ಕೆಮ್ಮು ಶುರುವಾಗಿ ಮೂರು ವಾರವಾಯಿತು. ನಿನ್ನೆ ಕಫದ ಪರೀಕ್ಷೆಯ ರಿಪೋರ್ಟ್ ಬಂತು, ನಿನ್ನದೇ ಟಿಬಿ.

ಮನೆಯಲ್ಲಿ ಮೊದಲು ಯಾರಿಗೆ ಬಂದಿದ್ದು ಎಂದು ಡಾಕ್ಟರು ಕೇಳಿದರು. “ನನಗೇ ಅಂತ ಬರ್ಕೊಳ್ಳಿ. ನನ್ನಿಂದಲೇ ಮಗನಿಗೆ ಅಂಟಿದ್ದು” ಎಂದಳು. ಡಾಕ್ಟರು ನನ್ನ ಮುಖ ನೋಡಿದರು. ನಾನು ಅಮ್ಮನ ಸೆರಗು ಸರಿಮಾಡಿದೆ.

ಮುಂದಿನ ವಾರ ಅವಳನ್ನು ನಿನ್ನ ಆಸ್ಪತ್ರೆಗೇ ಕರೆತರುತ್ತೇನೆ. ನಿನ್ನೆದುರೂ ಹಾಗೇ ಹೇಳುತ್ತಾಳೆ. ಹೌದಮ್ಮ ಅನ್ನು.