ಅರವತ್ತೊಂದು ಕಿಲೋ

ಜೂನ್ 3, ಮಂಗಳವಾರ
ಬೆಳಗ್ಗೆಯಿಂದ ಮೂವತ್ತೊಂದು ಜನ. ಕಾಂಪೌಂಡರ್ ಟೋಕನ್ ಕೂಗಿ ಕೂಗಿ ಗಂಟಲು ಕೂರಿಸಿಕೊಂಡಿದ್ದಾರೆ. ಇಪ್ಪತ್ತು ವರ್ಷದಿಂದ ಜೊತೆಗಿದ್ದಾರೆ, ಮೆಲ್ಲಗೆ ಕೂಗೋದು ಇನ್ನೂ ಕಲಿತಿಲ್ಲ.

ಕೊನೆಗೆ ಬಂದವಳು ಪ್ಲೇಸ್ಕೂಲಿನ ಮಿಸ್. ಇಪ್ಪತ್ನಾಲ್ಕು ವರ್ಷ. ಐದು ವಾರದ ಕೆಮ್ಮು, ಸಂಜೆ ಜ್ವರ, ತೂಕ ನಲವತ್ತಮೂರು. ಎಕ್ಸ್-ರೇ ತಂದಿದ್ದಳು. ಎಡಗಡೆ ಮೇಲೆ ಮಬ್ಬು, ಸಣ್ಣ ತೂತು ಬೇರೆ. ಟಿ.ಬಿ. ಕ್ಲಿನಿಕ್ಕಿಗೆ ಪತ್ರ ಬರೆದೆ.

"ಟಿ.ಬಿ. ಅಂತ ಬರೀಲೇಬೇಕಾ ಡಾಕ್ಟ್ರೇ? ಕೆಮ್ಮು ಅಂತ ಬರೆದ್ರೆ ಆಗಲ್ವಾ?"

"ಕೆಮ್ಮು ಅಂತ ಬರೆದ್ರೆ ಅಲ್ಲಿ ಕಾಫಿ ಕೊಟ್ಟು ಕಳಿಸ್ತಾರೆ" ಅಂದೆ. ನಗಲಿಲ್ಲ. ರಿಪೋರ್ಟ್ ಬರೋವರೆಗೆ ಮಕ್ಕಳ ಹತ್ತಿರ ಹೋಗಬೇಡ ಅಂದೆ. ತಲೆ ಆಡಿಸಿದಳು. ಪತ್ರ, ಎಕ್ಸ್-ರೇ ಎರಡೂ ಚೀಲಕ್ಕೆ ಹಾಕಿಕೊಂಡು ಹೋದಳು.

ಜೂನ್ 10
ಅವಳ ರಿಪೋರ್ಟ್ ಬಂತು. ಕಫದಲ್ಲಿ ಏನೂ ಇಲ್ಲ. ಅಲ್ಲೇ ತೆಗೆದ ಎಕ್ಸ್-ರೇ ನಾರ್ಮಲ್. "ರೋಗಿ ಹಳೆಯ ಎಕ್ಸ್-ರೇ ತಂದಿಲ್ಲ."

ನಾರ್ಮಲ್?

ನಾನು ನೋಡಿದ್ದು ಯಾರ ಎದೆ ಹಾಗಾದರೆ? ಮೂಲೆಯಲ್ಲಿದ್ದ ಹೆಸರು ಓದಿದ್ದೆನಾ? ಓದಿದ್ದೆ ಅನ್ನಿಸುತ್ತೆ. ಅನ್ನಿಸುತ್ತೆ ಅಷ್ಟೇ... ಹೋದ ತಿಂಗಳು ಒಬ್ಬರ ಚೀಟಿಯಲ್ಲಿ ಇನ್ನೊಬ್ಬರ ಹೆಸರು ಬರೆದಿದ್ದೆ, ಕಾಂಪೌಂಡರ್ ಹಿಡಿದರು. ಮೊನ್ನೆ ಮನೇಲಿ ಊಟದ ಹೊತ್ತಲ್ಲಿ ಒಂದೇ ಸುದ್ದಿ ಎರಡು ಸಲ ಹೇಳಿದೆನಂತೆ. "ಅರವತ್ತೆಂಟಾಯ್ತು, ಸಾಕು ಮಾಡು ಮಾರಾಯ್ತಿ" ಅಂದರು ಇವರು. ನಗ್ತಾನೇ ಅಂದರು. ಮುಖ ಮಾತ್ರ ನಗ್ತಿರಲಿಲ್ಲ.

ಜೂನ್ 11, ಮಧ್ಯಾಹ್ನ
ಟಿ.ಬಿ. ಕ್ಲಿನಿಕ್ಕಿನ ಡಾಕ್ಟರಿಗೆ ಫೋನ್ ಮಾಡಬೇಕು. ಒಂದೇ ಪ್ರಶ್ನೆ — ಸರಿಯಾಗಿ ನೋಡಿದ್ರಾ? ಅವನು ತಿರುಗಿ "ನೀವು ಸರಿಯಾಗಿ ನೋಡಿದ್ರಾ ಮೇಡಂ?" ಅಂದರೆ?

ನಂಬರ್ ಒತ್ತಿದೆ. ರಿಂಗ್ ಆಗೋ ಮೊದಲೇ ಕಟ್ ಮಾಡಿದೆ.

ಜೂನ್ 14
ಇವತ್ತು ಇನ್ನೊಂದು ಎಕ್ಸ್-ರೇ. ಮೂರು ಸಲ ನೋಡಿದೆ. ಸಾಲದ್ದಕ್ಕೆ ಕಾಂಪೌಂಡರನ್ನೂ ಕರೆದು ತೋರಿಸಿದೆ. "ನನಗೇನು ಗೊತ್ತಾಗುತ್ತೆ ಡಾಕ್ಟ್ರಮ್ಮ, ಪಕ್ಕೆಲುಬು ಎಣಿಸಿ ಅಂದ್ರೆ ಎಣಿಸ್ತೀನಿ" ಅಂದರು. ಆಮೇಲೆ ಬಾಗಿಲ ಹತ್ತಿರ ನಿಂತು ಒಂದು ನಿಮಿಷ ನನ್ನನ್ನೇ ನೋಡಿದರು.

ಫೋನ್ ಮಾಡಲಿಲ್ಲ.

ಜೂನ್ 25
ಮಿಸ್ ಬಂದಿದ್ದಳು. ಕೆಮ್ಮಿನ ಸಿರಪ್ ಬೇಕಂತೆ. "ರಿಪೋರ್ಟ್ ನಾರ್ಮಲ್ ಬಂತಲ್ಲ ಡಾಕ್ಟ್ರೇ, ಕೆಲಸಕ್ಕೆ ಹೋಗ್ತಿದ್ದೀನಿ." ಕಣ್ಣು ಕೊಟ್ಟು ಮಾತಾಡಲಿಲ್ಲ. ತೂಕ ನಲವತ್ತೆರಡು. ಎಡಗಡೆ ಮೇಲೆ ಸ್ಟೆತ್ ಇಟ್ಟರೆ ಒಣಗಿದ ಎಲೆ ತುಳಿದ ಹಾಗೆ ಸದ್ದು. ಕಿವಿಯೂ ಸುಳ್ಳು ಹೇಳುತ್ತಾ?

ಅವಳು ಹೋದಮೇಲೆ ರಿಪೋರ್ಟನ್ನು ಕೊನೆಯ ಸಾಲಿನವರೆಗೆ ಓದಿದೆ. ಮೊದಲ ದಿನ "ನಾರ್ಮಲ್" ಅನ್ನೋದು ಕಂಡದ್ದೇ ಮಡಚಿಟ್ಟಿದ್ದೆ. ಕೆಳಗೆ, ಸಣ್ಣ ಅಕ್ಷರದಲ್ಲಿ, ತೂಕ: 61.

ಕಾಂಪೌಂಡರಿಗೆ ಓದೋಕೆ ಕೊಟ್ಟೆ. "ಅರವತ್ತೊಂದು." ನಮ್ಮ ತೂಕದ ಮೆಷಿನ್ನೇ ಕೆಟ್ಟಿರಬಹುದಾ? ನಾನು ಹತ್ತಿ ನಿಂತೆ. ಅವರೂ ನಿಂತರು. ಎರಡೂ ಸರಿ. ಅವರಿಗೆ ಮಾತ್ರ ಬೇಜಾರಾಯಿತು, ನಾಲ್ಕು ಕಿಲೋ ಜಾಸ್ತಿಯಾಗಿದ್ದಾರೆ.

ನಾಳೆಯೇ ಬರಬೇಕು ಅಂತ ಅವಳಿಗೆ ಫೋನ್ ಮಾಡಿಸಿದೆ.

ಜೂನ್ 26, 11 ಗಂಟೆ
ಬಂದದ್ದು ಅವಳಲ್ಲ, ಅವಳ ಅಕ್ಕ. ಅದೇ ಮೂಗು, ಅದೇ ಗಲ್ಲ. ಆದರೆ ತುಂಬಿದ ಮೈ, ಬಾಗಿಲ ತುಂಬಾ ನಿಂತಿದ್ದಳು.

"ಸ್ವಲ್ಪ ಮೆಷಿನ್ ಮೇಲೆ ನಿಲ್ಲಮ್ಮ."

ಯಾಕೆ ಅಂತ ಕೇಳಲಿಲ್ಲ. ಚಪ್ಪಲಿ ಬಿಟ್ಟು ನಿಂತಳು. ಅರವತ್ತೊಂದು.

"ಅಲ್ಲಿಗೆ ಹೋಗಿದ್ದು ನೀನು."

"ನಾನೇ. ಬೈಯೋದಿದ್ರೆ ನನ್ನ ಬೈರಿ. ಅವಳು ಬೇಡಾ ಅಂತ ಅತ್ಲು, ನಾನೇ ಪತ್ರ ಕಿತ್ಕೊಂಡು ಹೋದೆ." ಸೆರಗಿನ ತುದಿ ಸುರುಳಿ ಸುತ್ತುತ್ತಿದ್ದಳು. "ಆ ಮಕ್ಕಳನ್ನ ಬಿಟ್ರೆ ಅವಳಿಗೆ ಏನೂ ಇಲ್ಲ ಡಾಕ್ಟ್ರೇ. ಟಿ.ಬಿ. ಅಂದ್ರೆ ಮತ್ತೆ ಯಾರು ಒಳಗೆ ಬಿಟ್ಕೋತಾರೆ? ಬರೀ ಕೆಮ್ಮು, ನಿಮ್ಮ ಔಷಧೀಲೇ ಹೋಗುತ್ತೆ ಅಂದ್ಕೊಂಡೆ. ನೀವು ಒಂದು ಮಾತೂ ಕೇಳ್ಲಿಲ್ವಲ್ಲ... ನಿಮಗೂ ಹಾಗೇ ಅನ್ನಿಸಿರಬೇಕು ಅಂತ ಧೈರ್ಯ ಬಂತು."



ಅದೇ ದಿನ, ಸಂಜೆ
ಅವಳು ಹೋದ ಕೂಡಲೇ ನಕ್ಕುಬಿಟ್ಟೆ. ಜೋರಾಗಿ. ನನ್ನ ತಲೆ ಸರಿಯಿದೆ! ನೋಡಿದ್ದು ಸರಿ! ಇವರಿಗೆ ಫೋನ್ ಮಾಡಿ ಹೇಳಿದೆ ಕೂಡ.

"ಸರಿ, ಆ ಹುಡುಗಿ ಹೇಗಿದ್ದಾಳೆ?" ಅಂದರು.

ಅವಳ ಯೋಚನೆಯೇ ಬಂದಿರಲಿಲ್ಲ ನನಗೆ. ಏನು ಮನುಷ್ಯಳು ನಾನು?

ಜೂನ್ 27
ಇಬ್ಬರನ್ನೂ ಕರೆದುಕೊಂಡು ನಾನೇ ಟಿ.ಬಿ. ಕ್ಲಿನಿಕ್ಕಿಗೆ ಹೋದೆ. ಕೌಂಟರಿನವನು ಕಂಪ್ಯೂಟರ್ ನೋಡಿದ, ಅಕ್ಕನ ಮುಖ ನೋಡಿದ, ತಂಗಿಯ ಮುಖ ನೋಡಿದ. "ಇಬ್ಬರಲ್ಲಿ ಈ ಹೆಸರಿನವರು ಯಾರು?"

ಮಿಸ್ ಕೈ ಎತ್ತಿದಳು, ತರಗತಿಯಲ್ಲಿ ಎತ್ತೋ ಹಾಗೆ. "ನಾನು."

ಡಾಕ್ಟರ್ ಚಿಕ್ಕವಯಸ್ಸಿನವನು. ನಾನು ಹೆದರಿದಷ್ಟು ಏನೂ ಅನ್ನಲಿಲ್ಲ. "ರಿಪೋರ್ಟ್ ಹೊಂದ್ತಿಲ್ಲ ಅನ್ನಿಸಿದ ದಿನವೇ ಒಂದು ಫೋನ್ ಮಾಡಬಹುದಿತ್ತು ಮೇಡಂ" ಅಂದ, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಜೂನ್ 30
ಕಫದಲ್ಲಿ ರೋಗಾಣು ಸಿಕ್ಕಿತು. ಆರು ತಿಂಗಳ ಮಾತ್ರೆ. ಮಾಮೂಲಿ ಮಾತ್ರೆಗೆ ಬಗ್ಗೋ ಜಾತಿಯದೇ, ವಾಸಿಯಾಗುತ್ತಾಳೆ. ಅಕ್ಕ ಕಾರಿಡಾರಿನಲ್ಲಿ ಕೂತು ಅತ್ತಳು, ತಂಗಿ ಅವಳ ಬೆನ್ನು ಸವರುತ್ತಿದ್ದಳು.

ಪ್ಲೇಸ್ಕೂಲಿನಲ್ಲಿ ಹದಿನೆಂಟು ಮಕ್ಕಳು. ಎಲ್ಲರಿಗೂ ಪರೀಕ್ಷೆ ಆಗಬೇಕು. ಮೂರು ವರ್ಷದ ಒಬ್ಬಳಿಗೆ ಹೋದ ವಾರದಿಂದ ಜ್ವರವಂತೆ. ಹೋದ ವಾರದಿಂದ... ಹತ್ತನೇ ತಾರೀಕಿನಿಂದ ಲೆಕ್ಕ ಹಾಕಿದೆ. ಮತ್ತೆ ಹಾಕಿದೆ. ಹದಿನೈದು ದಿನ ಅವಳು ಆ ಮಕ್ಕಳನ್ನು ಎತ್ತಿಕೊಂಡಿದ್ದಾಳೆ, ನಾನು ಫೋನ್ ಎತ್ತಿಲ್ಲ.

ಜುಲೈ 4, ಸಂಜೆ 4.40
ಐದಕ್ಕೆ ಪ್ಲೇಸ್ಕೂಲಿನ ಮಕ್ಕಳ ಅಮ್ಮಂದಿರು ಇಲ್ಲಿಗೆ ಬರುತ್ತಾರೆ. ಮಿಸ್ ತಾನೇ ಎಲ್ಲ ಹೇಳ್ತೀನಿ ಅಂದಳು. ಮಾಸ್ಕ್ ಹಾಕಿಕೊಂಡು ಕಿಟಕಿ ಪಕ್ಕ ಕೂತಿದ್ದಾಳೆ, ಅಕ್ಕ ಅವಳ ಕೈ ಬಿಟ್ಟಿಲ್ಲ. "ಎಲ್ಲ ತಪ್ಪು ನಮ್ಮದೇ ಅಂತ ಹೇಳ್ತೀವಿ ಡಾಕ್ಟ್ರೇ, ನೀವು ಸುಮ್ನೆ ಪಕ್ಕದಲ್ಲಿ ನಿಂತ್ಕೊಳ್ಳಿ."

ನಿಂತುಕೊಂಡರೆ ಸಾಕು. ಯಾರಿಗೂ ಗೊತ್ತಾಗಲ್ಲ.

ಜ್ವರ ಬಂದ ಪುಟ್ಟಿಯ ರಿಪೋರ್ಟ್ ಇನ್ನೂ ಬಂದಿಲ್ಲ. ಅವಳ ಅಮ್ಮನೂ ಬರುತ್ತಾಳೆ.

ಹೊರಗೆ ಚಪ್ಪಲಿ ಬಿಡೋ ಸದ್ದು. ಕಾಂಪೌಂಡರ್ ಕೂಗ್ತಿದ್ದಾರೆ, ಬೆಂಚು ಸಾಲಲ್ಲ ಅಂತ.

ಹೇಗೆ ಶುರು ಮಾಡೋದು? ಬಾಯಲ್ಲಿ ತಡವರಿಸಬಾರದು, ಇಲ್ಲೇ ಬರೆದುಕೊಳ್ಳುತ್ತೇನೆ —

ಈ ಹುಡುಗಿ ಮಾತಾಡೋಕೆ ಮುಂಚೆ ನಾನು ಒಂದು ಮಾತು ಹೇಳಬೇಕಮ್ಮ. ಜೂನ್ ಹತ್ತನೇ ತಾರೀಕು ನನ್ನ ಕೈಗೆ ಒಂದು ರಿಪೋರ್ಟ್ ಬಂತು. ಅದು ತಪ್ಪು ಅಂತ ನನಗೆ ಅವತ್ತೇ