ಲಾರಿ ಹತ್ತದ ಬ್ಯಾಗುಗಳು

ಕಾರ್ಮಿಕರ ಹಾಸ್ಟೆಲ್, ಮೂರನೇ ಮಹಡಿ
ಭಾನುವಾರ, ಮಾರ್ಚ್ ೯

ಪ್ರೀತಿಯ ಗುಬ್ಬಿ,

ಹೇಗಿದ್ದೀಯೇ? ಕಣ್ಣುರಿ ಕಡಿಮೆ ಆಯಿತಾ? ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕುವ ಕೆಲಸವನ್ನು ಮಬ್ಬು ದೀಪದಲ್ಲಿ ಮಾಡಬೇಡ ಎಂದು ಎಷ್ಟು ಸಲ ಬಾಯಿ ಬಡಿದುಕೊಂಡಿದ್ದೇನೆ. ಅಕ್ಕನ ಮಾತು ಕೇಳುವ ಪೈಕಿ ನೀನಲ್ಲ. ಅಮ್ಮನ ಮಂಡಿ ಹೇಗಿದೆ? ಅವಳನ್ನು ಮೆಟ್ಟಿಲು ಹತ್ತಿಸಬೇಡ. ನಾನು ಚೆನ್ನಾಗಿದ್ದೇನೆ, ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ, ಅಂಗೈಯಲ್ಲಿ ಎದ್ದಿದ್ದ ಬೊಬ್ಬೆಗಳೂ ಒಣಗುತ್ತಿವೆ. ಆ ಬೊಬ್ಬೆ ಎಲ್ಲಿಂದ ಬಂತು ಎಂದು ಬರೆಯಲೆಂದೇ ಇವತ್ತು ರಜೆಯ ಮಧ್ಯಾಹ್ನ ಕೂತಿದ್ದೇನೆ. ಫೋನಿನಲ್ಲಿ ಇದನ್ನೆಲ್ಲ ಹೇಳುವ ಹಾಗಿಲ್ಲ. ಹಾಸ್ಟೆಲಿನ ವಾರ್ಡನ್ ನಮ್ಮ ಭಾಷೆಯವಳೇ. ಪಕ್ಕದಲ್ಲೇ ನಿಂತು ಕಿವಿ ನೆಟ್ಟಗೆ ಮಾಡಿಕೊಂಡಿರುತ್ತಾಳೆ. ಇಲ್ಲಿಗೆ ಬರುವುದಕ್ಕೆ ನೀನು ಆಗಲೇ ಬ್ಯಾಗು ತುಂಬಲು ಶುರು ಮಾಡಿದ್ದೀಯಂತೆ, ಅಮ್ಮ ಹೇಳಿದಳು. ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಮೊದಲು ಇದನ್ನು ಓದು.

ಮೂವತ್ತು ಕೆ.ಜಿ. ತರಬಹುದು ಎಂದು ಗಾರ್ಮೆಂಟ್ಸ್ ಕಂಪನಿಯವರು ಹೇಳಿದ್ದರಲ್ಲ, ನಾವು ಎಂಟೂ ಜನ ಒಂದು ಗ್ರಾಂ ಬಿಡದೆ ತುಂಬಿಕೊಂಡಿದ್ದೆವು. ಪುಕ್ಕಟೆ ಸಿಕ್ಕಿದ್ದನ್ನು ಬಿಡುವುದು ನಮ್ಮ ಜಾಯಮಾನದಲ್ಲೇ ಇಲ್ಲ. ನನ್ನ ಬ್ಯಾಗಿನಲ್ಲಿ ಎರಡು ಕಂಬಳಿ, ಕುಕ್ಕರು, ಮೇಲೆ ಅಮ್ಮ ಹಟ ಹಿಡಿದು ತುರುಕಿದ ಅಪ್ಪನ ಇದ್ದಿಲು ಇಸ್ತ್ರಿಪೆಟ್ಟಿಗೆ. ಸಾಲುಸಾಲಾಗಿ ಹಬೆ ಇಸ್ತ್ರಿ ನೇತಾಡುವ ಫ್ಯಾಕ್ಟರಿಗೆ ಇದ್ದಿಲು ಇಸ್ತ್ರಿ ಹೊತ್ತುಕೊಂಡು ಹೊರಟ ಬುದ್ಧಿವಂತೆ ನಿನ್ನ ಅಕ್ಕ! ವಿಮಾನ ಇಳಿದು ಸಾಮಾನು ಬರುವ ಬೆಲ್ಟಿನ ಹತ್ತಿರ ನಿಂತೆವು. ನನ್ನ ಬ್ಯಾಗು ಬಂತು, ಹಿಡಿಗೆ ಕೈಹಾಕಿ ಜಗ್ಗಿದೆ. ಅದು ಜಗ್ಗಲಿಲ್ಲ, ನನ್ನನ್ನೇ ಎಳೆದುಕೊಂಡು ಹೊರಟಿತು. ನಾನು ಬಿಡದೆ ಪಕ್ಕದಲ್ಲೇ ಓಡುತ್ತಿದ್ದರೆ ಕಾಜಾ ಅಕ್ಕ (ಗುಂಡಿಯ ಕಾಜಾ ಹೊಲಿಯುವವಳು, ನಮ್ಮೆಲ್ಲರಿಗಿಂತ ಹಿರಿಯಳು) ಹಾಲಿಗೆಲ್ಲ ಕೇಳುವಂತೆ "ಬಿಡೇ ಅದನ್ನ, ಇನ್ನೊಂದು ಸುತ್ತು ಹಾಕ್ಕೊಂಡು ಬರುತ್ತೆ, ಓಡಿಹೋಗೋಕೆ ಅದೇನು ಗಂಡನಾ?" ಎಂದು ಕೂಗಿದಳು. ಅವಳ ಗಂಡ ಓಡಿಹೋದದ್ದು ಗೊತ್ತಿದ್ದ ನಮಗೆ ನಗು ತಡೆಯಲಾಗಲಿಲ್ಲ. ಸಾಮಾನಿನ ತಳ್ಳುಗಾಡಿ ಬಿಡಿಸಿಕೊಳ್ಳಲು ಈ ದೇಶದ ನಾಣ್ಯ ಹಾಕಬೇಕು, ಅದು ನಮ್ಮ ಹತ್ತಿರ ಎಲ್ಲಿಂದ ಬರಬೇಕು? ಹಿಡಿಗೆ ದುಪಟ್ಟಾ ತೂರಿಸಿ, ಒಂದು ಬ್ಯಾಗಿಗೆ ಇಬ್ಬರಂತೆ ಎಳೆದು, ಹಿಂದೆ ಬಂದು ಉಳಿದವನ್ನು ಎಳೆದು, ಹಾಗೂ ಹೀಗೂ ಕಸ್ಟಮ್ಸ್ ದಾಟಿದೆವು. ನನ್ನದರ ಚಕ್ರ ಅಲ್ಲೇ ಕಿತ್ತುಬಂತು.

ಗಾಜಿನ ಬಾಗಿಲಾಚೆ ಕಂಪನಿಯ ಹಲಗೆ ಹಿಡಿದು ಅವರ ಮನುಷ್ಯ ನಿಂತಿದ್ದ. ಆ ಸೆಖೆಯಲ್ಲೂ ಕೋಟು. ನಾವಿಟ್ಟ ಹೆಸರು ಕೋಟಣ್ಣ. ಅವನೂ ನಮ್ಮ ಭಾಷೆಯವನೇ, ಮಾತು ಬೆಣ್ಣೆ. "ಅಯ್ಯೋ ಅಕ್ಕಂದಿರಾ, ಇಷ್ಟು ಭಾರ ಯಾಕೆ ಹೊರ್ತೀರಾ? ಬ್ಯಾಗೆಲ್ಲ ಲಾರಿಗೆ ಹಾಕಿ, ಪಾಸ್‌ಪೋರ್ಟು ಈ ಚೀಲಕ್ಕೆ ಹಾಕಿ, ನೀವು ಕೈಬೀಸ್ಕೊಂಡು ಬಸ್ ಹತ್ತಿ." ತೋಳು ಬಿದ್ದುಹೋಗುತ್ತಿರುವಾಗ ಈ ಮಾತು ಕೇಳಲು ಎಷ್ಟು ಹಿತ ಗೊತ್ತಾ? ಆದರೆ ನನಗೆ ನಮ್ಮ ಎದುರುಮನೆ ಅತ್ತಿಗೆ ನೆನಪಾದಳು. ಇದೇ ಕಂಪನಿಗೆ ಬಂದವಳು ಹೀಗೆಯೇ ಕೊಟ್ಟಿದ್ದಳು. ಬ್ಯಾಗು ಕಂಪನಿಯ ಉಗ್ರಾಣ ಸೇರಿತು, ಪಾಸ್‌ಪೋರ್ಟು ಮ್ಯಾನೇಜರನ ಕಪಾಟು ಸೇರಿತು. ಹೆತ್ತ ತಾಯಿ ಸತ್ತಾಗಲೂ ಆರ್ಡರ್ ಮುಗಿಯಲಿ ಎಂದು ಅವಳನ್ನು ಬಿಡಲಿಲ್ಲ. ಸಾಮಾನು ಹೊರುವ ನೆಪದಲ್ಲಿ ಕೊರಳಿಗೆ ಹಗ್ಗ ಹಾಕುವ ದಂಧೆ ಇದು.

"ಕೊಡಲ್ಲ" ಎಂದೆ. ಅವನು ನಕ್ಕ. "ಹಾಗಾದ್ರೆ ಹೊತ್ಕೊಂಡು ನಡೀರಿ. ಬಸ್ಸು ಅಲ್ಲಿ ಕೊನೇಲಿದೆ." ನಮ್ಮವರು ಅಲ್ಲಾಡಿಹೋದರು. ಕಾಜಾ ಅಕ್ಕ ಸೊಂಟ ಹಿಡಿದುಕೊಂಡು "ಕೊಟ್ಟುಬಿಡೋಣ ಕಣೇ, ನನ್ನ ಕೈಲಾಗಲ್ಲ" ಎಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆ ಕೋಟಿನವನು ನಂಬಿಕೊಂಡಿದ್ದೇ ಅವಳ ಸೊಂಟನೋವನ್ನು. ಆಮೇಲೆ ಅವನು ನನ್ನ ಕಿವಿಯ ಹತ್ತಿರ ಬಗ್ಗಿ ಇನ್ನೊಂದು ಮಾತು ಹೇಳಿದ. ಅದನ್ನು ಕೊನೆಗೆ ಬರೆಯುತ್ತೇನೆ. ಈಗಲೇ ಬರೆದರೆ ನೀನು ಮುಂದಕ್ಕೆ ಓದುವುದಿಲ್ಲ.

ಆ ಮಾತು ಕೇಳಿ ಬ್ಯಾಗನ್ನು ನನ್ನತ್ತ ಎಳೆದುಕೊಂಡೆ. ಆಮೇಲೆ ನಡು ಹಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಜಿಪ್ಪು ಎಳೆದೆ. ಕುಕ್ಕರು ಹೊರಗೆ. ಕಂಬಳಿ ಹೊರಗೆ. ಇಸ್ತ್ರಿಪೆಟ್ಟಿಗೆಯನ್ನೂ ತೆಗೆದು ನೆಲದ ಮೇಲೆ ಕುಕ್ಕಿದೆ. (ಅಮ್ಮನಿಗೆ ಓದಿ ಹೇಳುವಾಗ ಈ ಸಾಲು ಹಾರಿಸಿಬಿಡು ಮಾರಾಯ್ತಿ.) ಎದ್ದು ಬ್ಯಾಗನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದೆ. ನಮ್ಮಲ್ಲಿ ಕಾಲರ್ ಹೊಲಿಯುವವಳೊಬ್ಬಳು ನನ್ನ ಪಕ್ಕ ಕೂತು ತನ್ನದನ್ನೂ ಬಿಚ್ಚಿದಳು. ನೋಡನೋಡುತ್ತ ಎಲ್ಲರೂ ಕೂತರು. ಪಾತ್ರೆ, ಚಾಪೆ, ಹಳೇ ಕನ್ನಡಿ ಎಲ್ಲ ಹೊಳೆಯುವ ನೆಲದ ಮೇಲೆ ರಾಶಿ ಬಿತ್ತು. ಕಾಜಾ ಅಕ್ಕನ ಬ್ಯಾಗಿನ ಸಾಮಾನನ್ನು ನಾವೇ ಹಂಚಿಕೊಂಡೆವು. ಅವಳ ಕೈಯಲ್ಲಿ ಖಾಲಿ ಬ್ಯಾಗು, ಬಾಯಲ್ಲಿ ಬೈಗುಳ. "ನನ್ನ ಒಳಲಂಗ ಎಲ್ರಿಗೂ ತೋರಿಸ್ಬೇಡ್ರೇ!" ಜನ ಸೇರಿದರು, ಸಮವಸ್ತ್ರದ ಅಧಿಕಾರಿಯೊಬ್ಬ ಇತ್ತ ತಿರುಗಿ ಬರತೊಡಗಿದ. ಆಗ ನೋಡಬೇಕಿತ್ತು ನಮ್ಮ ಕೋಟಣ್ಣನ ಮುಖ! ಪಾಸ್‌ಪೋರ್ಟಿನ ಖಾಲಿ ಚೀಲ ಸರಕ್ಕನೆ ಕೋಟಿನೊಳಗೆ ಹೋಯಿತು. ಕಾನೂನಿನ ಕೆಲಸವಾಗಿದ್ದರೆ ಬಚ್ಚಿಡುವುದೇಕೆ? ನನ್ನ ಮನಸ್ಸಿನಲ್ಲಿದ್ದ ಕೊನೆಯ ಅಳುಕೂ ಅಲ್ಲಿಗೆ ಹೋಯಿತು. ಅಧಿಕಾರಿ ಹತ್ತಿರ ಬರುವಷ್ಟರಲ್ಲಿ ರಾಶಿಯನ್ನು ಅಲ್ಲೇ ಬಿಟ್ಟು ನಡೆದೆವು. ಬ್ಯಾಗುಗಳನ್ನು ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಕೂತೆವು. ಲಾರಿ ಹಿಂದೆ ಖಾಲಿ ಬಂತು.

ಈಗಲೂ ದಿನಾ ಕೇಳುತ್ತಾರೆ, ಹೆದರಿಸುತ್ತಾರೆ, ಊಟದ ಸಾಲಿನಲ್ಲಿ ನಮ್ಮನ್ನು ಕೊನೆಗೆ ನಿಲ್ಲಿಸುತ್ತಾರೆ. ನಿಲ್ಲಿಸಲಿ. ಒಳಲಂಗಕ್ಕೆ ಜೇಬು ಹೊಲಿದು ಪಾಸ್‌ಪೋರ್ಟು ಅದರೊಳಗಿಟ್ಟುಕೊಂಡಿದ್ದೇವೆ. ಹೊಲಿಯುವವರಿಗೆ ಜೇಬಿಗೇನು ಬರ?

ಅಮ್ಮನ ಕಾಲಿಗೆ ಎಣ್ಣೆ ಹಚ್ಚು, ಎದುರುಮನೆ ಅತ್ತಿಗೆಗೆ ನಾನು ಕೇಳಿದೆನೆಂದು ಹೇಳು. ನಿನಗೆ ಮುತ್ತು, ಜೊತೆಗೆ ತಲೆಗೊಂದು ಮೊಟಕು.

ನಿನ್ನ ಅಕ್ಕ

ತಾ.ಕ.: ಪತ್ರ ಅಂಚೆಗೆ ಹಾಕುವ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಹೇಳಿಬಿಡುತ್ತೇನೆ. ಕೋಟಣ್ಣ ಕಿವಿಯಲ್ಲಿ ಹೇಳಿದ್ದು ಇದು: "ಮುಂದಿನ ತಂಡದಲ್ಲಿ ನಿನ್ನ ತಂಗಿ ಇದಾಳಲ್ಲ, ನೋಡ್ಕೊಂಡು ಮಾತಾಡು." ನೋಡಿಕೊಂಡೇ ಮಾತಾಡಿದೆ ಗುಬ್ಬಿ. ಪಟ್ಟಿಯಿಂದ ನಿನ್ನ ಹೆಸರು ಹೊಡೆದುಹಾಕಿದ್ದಾರೆ, ನಿನ್ನೆ ಗೊತ್ತಾಯಿತು. ನೀನು ಈ ಕೆಲಸಕ್ಕಾಗಿ ಎಷ್ಟು ಕಾದಿದ್ದೆ ಎಂದು ಬಲ್ಲೆ. ಬಯ್ಯಿ, ಕಾಗದ ತುಂಬ ಬೈದು ಬರೆ, ಓದುತ್ತೇನೆ. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ. ನಾಳೆ ಅದೇ ಬಾಗಿಲಲ್ಲಿ ನಿಂತರೂ ನಾನು ಕೊಡುವುದಿಲ್ಲ. ಮುಂದಿನ ತಂಡದಲ್ಲಿ ಹೊರಟಿರುವ ಹೆಂಗಸರೆಲ್ಲ ನಿನಗೆ ಗೊತ್ತು. ಅವರವರ ಮನೆಗೆ ಹೋಗಿ ಇದನ್ನು ಓದು, ತಾವೇ ಎತ್ತುವಷ್ಟು ಮಾತ್ರ ತುಂಬಿಕೊಳ್ಳಲು ಹೇಳು, ನಿನ್ನನ್ನು ಬಿಟ್ಟು ಹೊರಡುವುದಿಲ್ಲ ಎಂದು ಎಲ್ಲರೂ ಸೇರಿ ಅಲ್ಲಿನ ಕಂಪನಿ ಆಫೀಸಿನ ಮುಂದೆ ನಿಲ್ಲಿ. ಒಬ್ಬಳ ಹೆಸರು ಹೊಡೆಯುವುದು ಸುಲಭ. ಎಲ್ಲರ ಹೆಸರನ್ನೂ ಹೊಡೆದರೆ ಮಿಷನ್ ಮುಂದೆ ಕೂರುವವನು ಕೋಟಣ್ಣನಾ? ಇವತ್ತೇ ಹೊರಡು. ಸಿಟ್ಟು ಆಮೇಲೆ ಮಾಡಿಕೋ.